ಕಾರಿನ ಕೀಲು–ಕಮಾನು ಮತ್ತು ನಂಬಿಕೆಯ ಮಿಸ್ತ್ರಿ

ಸಂಸಾರ ಹೂಡಿದ ಗೃಹಸ್ಥನಿಗೆ ಬಾಳಿನಲ್ಲಿ ಕೆಲವರ ನೆರವು ಬೇಕೇ ಬೇಕು. ಜ್ವರ ಬಂದಾಗ ಕೈಹಿಡಿದು ನೋಡುವ ವೈದ್ಯ, ಮಕ್ಕಳಿಗೆ ಅಕ್ಷರ ಕಲಿಸುವ ಗುರು, ಮನೆಯ ಸೂರು ಸೋರಿದಾಗ ಏಣಿ ಹತ್ತುವ ಗೌಂಡಿ ಇವರೆಲ್ಲ ಕುಟುಂಬದ ಹೊರಗಿದ್ದೂ ಕುಟುಂಬದವರೇ ಆಗಿರುತ್ತಾರೆ. ಈ ಸಾಲಿಗೆ ನಮ್ಮ ಕಾಲದಲ್ಲಿ ಇನ್ನೊಬ್ಬರು ಸೇರಿದ್ದಾರೆ. ಅವರೇ ವಾಹನ ರಿಪೇರಿ ಮಾಡುವ ಮಿಸ್ತ್ರಿಗಳು. ಒಳ್ಳೆಯ ಮಿಸ್ತ್ರಿ ಸಿಕ್ಕವನು ಪುಣ್ಯವಂತ. ಸಿಗದವನು ಪ್ರತಿ ವರ್ಷವೂ ದಂಡ ತೆರುತ್ತಲೇ ಇರುತ್ತಾನೆ. ಈ ಮಾತನ್ನು ನಾನು ಇತರರಿಂದ ಕೇಳಿ ಬರೆಯುತ್ತಿಲ್ಲ. ದಂಡ ತೆತ್ತ ಮೇಲೆಯೇ ಬರೆಯುತ್ತಿದ್ದೇನೆ.

ರಾಯಚೂರು ತಾಲ್ಲೂಕಿನ ಗುಂಜಹಳ್ಳಿಯ ಒಕ್ಕಲುತನದ ಮನೆ ನಮ್ಮದು. ಮನೆಯಲ್ಲಿ ಹತ್ತು ವರ್ಷದ ಹಳೆಯದೊಂದು ಸಣ್ಣ ಕಾರು ಇದೆ. ಅದು ಭೋಗಕ್ಕಾಗಿ ಕೊಂಡದ್ದಲ್ಲ. ನಮ್ಮ ಅವ್ವ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡು, ಅದಕ್ಕೆ ಸರಳು ಹಾಕಿಸಿದ ಮೇಲೆ, ತಿಂಗಳಿಗೆ ಎರಡು ಸಲ ಅವಳನ್ನು ರಾಯಚೂರು ನಗರದ ಆಸ್ಪತ್ರೆಗೆ ಕರೆದೊಯ್ಯಲೇಬೇಕಾಯಿತು. ಬಸ್ಸು ಹತ್ತುವುದು ಅವಳಿಂದ ಆಗದು. ಹೀಗೆ ಕಾರು ನಮ್ಮ ಮನೆಯ ಅನಿವಾರ್ಯವಾಯಿತು. ಆ ಕಾರಿನ ಮುಂಗಾಲಿಯಲ್ಲಿ ಒಂದು ದಿನ 'ಟಕ್ ಟಕ್' ಎಂಬ ಶಬ್ದ ಹುಟ್ಟಿತು. ಪ್ರತಿ ತಗ್ಗಿಗೂ ಅವ್ವ ಕಣ್ಣು ಮುಚ್ಚಿ ಹಲ್ಲು ಕಚ್ಚುವಳು. ಅವಳು ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದರೆ ನಾಲ್ಕನೆಯ ಸಲ ಹೊರಟಾಗ, "ಈ ಸಾರಿ ಬ್ಯಾಡ ಬಿಡಪ್ಪ, ಮುಂದಿನ ತಿಂಗಳ ಹೋಗೋಣಂತ" ಎಂದಳು. ಆಗ ನನಗೆ ಅರ್ಥವಾಯಿತು. ಕಾರಿನ ಬೇನೆ ಅವ್ವನ ಮೈಗೆ ಇಳಿದಿತ್ತು.

ಅಂದಿನಿಂದ ಸರಿಯಾದ ಮಿಸ್ತ್ರಿಯನ್ನು ಹುಡುಕುವಲ್ಲಿ ನಾನು ಪಟ್ಟ ಪಾಡು, ಮಾಡಿದ ತಪ್ಪು, ಕಲಿತ ಪಾಠ ಇವನ್ನು ಓದುಗ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ನೆಲ, ನಮ್ಮ ರಸ್ತೆ

ಕೃಷ್ಣೆ–ತುಂಗಭದ್ರೆಯರ ನಡುವಿನ ನಮ್ಮ ಸೀಮೆಯಲ್ಲಿ ಎರೆಭೂಮಿ ವಿಶಾಲವಾಗಿ ಹಬ್ಬಿದೆ. ಹತ್ತಿಗೂ ಜೋಳಕ್ಕೂ ಈ ಮಣ್ಣು ತಾಯಿಯಿದ್ದಂತೆ. ಆದರೆ ರಸ್ತೆಗೆ ಮಾತ್ರ ಮಲತಾಯಿ. ಎರೆಮಣ್ಣಿನ ಜೇಡಿಯ ಕಣಗಳು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತವೆ, ಬೇಸಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತವೆ. ಮೇಲಿನ ಡಾಂಬರು ಎಷ್ಟೇ ಗಟ್ಟಿಯಾಗಿದ್ದರೂ ಅಡಿಯ ನೆಲವೇ ಏರಿಳಿದರೆ ರಸ್ತೆಯ ಮೈ ಅಲೆಅಲೆಯಾಗುತ್ತದೆ, ಅಂಚು ಕುಸಿಯುತ್ತದೆ. ಮಾನ್ವಿ, ಸಿಂಧನೂರು ಕಡೆಯ ಭತ್ತದ ಲಾರಿಗಳು, ಹತ್ತಿಯ ಹೇರು ಹೊತ್ತ ಟ್ರ್ಯಾಕ್ಟರುಗಳು, ನಾಲೆಯ ಮೇಲಿನ ದಿಬ್ಬಗಳು, ಊರೂರಿಗೆ ಹಾಕಿರುವ ರಸ್ತೆಯುಬ್ಬುಗಳು ಇವೆಲ್ಲವೂ ಸೇರಿ ನಮ್ಮ ಭಾಗದ ಕಾರಿನ ಕೀಲುಗಳು ಬೇಗನೆ ಸವೆಯುವಂತೆ ಮಾಡುತ್ತವೆ. ಮೇಲಾಗಿ 40 ಡಿಗ್ರಿ ಮೀರುವ ನಮ್ಮ ಬೇಸಗೆಯಲ್ಲಿ ರಬ್ಬರಿನ ಭಾಗಗಳು ಗಡುಸಾಗಿ ಸೀಳು ಬಿಡುತ್ತವೆ. ದೇವದುರ್ಗ, ಮಾನ್ವಿ ಕಡೆ ನಿತ್ಯ ಓಡಾಡುವ ಕಾರಿಗೂ ದೊಡ್ಡ ನಗರದ ನುಣುಪು ರಸ್ತೆಯ ಕಾರಿಗೂ ಒಂದೇ ಆಯುಷ್ಯದ ಲೆಕ್ಕ ಹಿಡಿಯುವುದು ಸರಿಯಲ್ಲ.

ಬಂಡಿಯ ಕಾಲ, ಕಾರಿನ ಕಾಲ

ನಮ್ಮ ಹಿರಿಯರಿಗೆ ಈ ಚಿಂತೆ ಇರಲಿಲ್ಲ. ಬಂಡಿಯ ಗಾಲಿ ಸಡಿಲಾದರೆ ಊರ ಬಡಿಗೇರ, ಹಳಿ ಬಿಚ್ಚಿದರೆ ಊರ ಕಮ್ಮಾರ. ಸುಗ್ಗಿಯಲ್ಲಿ ರಾಶಿಯ ಕಣದಲ್ಲಿಯೇ ಅವರಿಗೆ ಸಲ್ಲಬೇಕಾದ ಆಯವನ್ನು ಅಳೆದು ಕೊಡುತ್ತಿದ್ದರು. ಬಂಡಿ ಎಷ್ಟು ಸಲ ಕೆಟ್ಟರೂ ಕೊಡುವ ಕಾಳು ಅಷ್ಟೇ ಆಗಿದ್ದುದರಿಂದ, ಕೆಲಸವನ್ನು ಗಟ್ಟಿಯಾಗಿ ಮಾಡುವುದೇ ಕುಶಲಿಗನಿಗೂ ಲಾಭವಾಗಿತ್ತು. ಇಂದು ಲೆಕ್ಕ ತಿರುವುಮುರುವಾಗಿದೆ. ವಾಹನ ಹೆಚ್ಚು ಸಲ ಕೆಟ್ಟಷ್ಟೂ, ಹೆಚ್ಚು ಭಾಗ ಬದಲಾದಷ್ಟೂ ಅಂಗಡಿಗೆ ಆದಾಯ. ಇದನ್ನು ಯಾರ ಮೇಲಿನ ದೂರಾಗಿಯೂ ಹೇಳುತ್ತಿಲ್ಲ. ವ್ಯವಸ್ಥೆಯ ಸ್ವಭಾವವೇ ಹಾಗೆ. ಈ ವ್ಯವಸ್ಥೆಯೊಳಗೂ ಪ್ರಾಮಾಣಿಕನಾಗಿ ಉಳಿಯುವವನೇ ನಿಜವಾದ ಮಿಸ್ತ್ರಿ. ಅವನನ್ನು ಗುರುತಿಸಲು ಗೃಹಸ್ಥನಿಗೂ ಸ್ವಲ್ಪ ತಿಳಿವಳಿಕೆ ಬೇಕು.

ಗಾಲಿಯ ಹಿಂದೆ ಏನಿದೆ?

ಕಾರಿನ ಭಾರವನ್ನು ಹೊರುವುದು ಸ್ಪ್ರಿಂಗು. ಬಹಳಷ್ಟು ಕಾರುಗಳಲ್ಲಿ ಅದು ಸುರುಳಿಯಾಕಾರದ್ದು. ಜೀಪು, ಲಾರಿ ಮತ್ತು ಕೆಲವು ಗಟ್ಟಿ ವಾಹನಗಳ ಹಿಂಭಾಗದಲ್ಲಿ ಪಟ್ಟಿಯ ಮೇಲೆ ಪಟ್ಟಿ ಜೋಡಿಸಿದ ಕಮಾನು. ಹಳೆಯ ಅಂಬಾಸಿಡರಿನ ಹಿಂಬದಿಯಲ್ಲಿದ್ದುದೂ ಪಟ್ಟಿಯ ಕಮಾನೇ. ಸ್ಪ್ರಿಂಗು ಒಮ್ಮೆ ಒತ್ತಿದರೆ ಸುಮ್ಮನೆ ನಿಲ್ಲುವುದಿಲ್ಲ, ತೊಟ್ಟಿಲಿನಂತೆ ಮೇಲೆ ಕೆಳಗೆ ತೂಗುತ್ತಲೇ ಇರುತ್ತದೆ. ಆ ತೂಗಾಟವನ್ನು ತಡೆಯುವುದೇ ಶಾಕ್ ಅಬ್ಸಾರ್ಬರಿನ ಕೆಲಸ. ಅದರ ಕೊಳವೆಯೊಳಗಿನ ಎಣ್ಣೆ ಸಣ್ಣ ರಂಧ್ರಗಳ ಮೂಲಕ ಹಾಯುವಾಗ ಅಲುಗಾಟದ ಬಲ ಕುಗ್ಗಿ ಶಾಖವಾಗಿ ಹೋಗುತ್ತದೆ. ಆದ್ದರಿಂದ ಶಾಕ್ ಭಾರ ಹೊರುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕಾರು ಒಂದು ಬದಿಗೆ ಕುಸಿದು ನಿಂತಿದ್ದರೆ ಮೊದಲು ಅನುಮಾನಿಸಬೇಕಾದುದು ಸ್ಪ್ರಿಂಗನ್ನು. ದಿಬ್ಬ ದಾಟಿದ ಮೇಲೂ ಕುಣಿಯುತ್ತಿದ್ದರೆ ಶಾಕನ್ನು.

ಇಂದಿನ ಸಣ್ಣ ಕಾರುಗಳ ಮುಂಭಾಗದಲ್ಲಿ ಸ್ಪ್ರಿಂಗು ಮತ್ತು ಶಾಕ್ ಎರಡನ್ನೂ ಒಂದೇ ಕಂಬದಂತೆ ಜೋಡಿಸಿರುತ್ತಾರೆ. ಇದಕ್ಕೆ ಮ್ಯಾಕ್‌ಫರ್ಸನ್ ಸ್ಟ್ರಟ್ ಎಂದು ಹೆಸರು. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಇಂಜಿನಿಯರು 1940ರ ದಶಕದ ಕೊನೆಯಲ್ಲಿ ರೂಪಿಸಿದ ಈ ಜೋಡಣೆ ಕಡಿಮೆ ಜಾಗದಲ್ಲಿ, ಕಡಿಮೆ ಖರ್ಚಿನಲ್ಲಿ ಕೂಡುವುದರಿಂದ ಜಗತ್ತಿನಾದ್ಯಂತ ಹಬ್ಬಿತು. ಆ ಕಂಬದ ತಲೆಯಲ್ಲಿ ರಬ್ಬರಿನ ಮೌಂಟ್ ಮತ್ತು ತಿರುಗುವ ಬೇರಿಂಗು ಇರುತ್ತವೆ. ಕೆಳಗೆ ಗಾಲಿಯನ್ನು ಹಿಡಿದಿರುವ ಲೋವರ್ ಆರ್ಮ್, ಅಂದರೆ ಕೆಳತೋಳು. ತೋಳಿನ ಒಂದು ತುದಿಯಲ್ಲಿ ರಬ್ಬರಿನ ಬುಷ್, ಇನ್ನೊಂದು ತುದಿಯಲ್ಲಿ ಬಾಲ್ ಜಾಯಿಂಟ್. ಮನುಷ್ಯನ ತೊಡೆಯ ಎಲುಬಿನ ಗುಂಡು ಸೊಂಟದ ಕುಳಿಯಲ್ಲಿ ತಿರುಗುವಂತೆ ಈ ಗುಂಡು ತನ್ನ ಬಟ್ಟಲಿನಲ್ಲಿ ತಿರುಗುತ್ತದೆ. ಇವಲ್ಲದೆ ಸ್ಟಿಯರಿಂಗಿನ ಚಲನೆಯನ್ನು ಗಾಲಿಗೆ ಮುಟ್ಟಿಸುವ ಟೈರಾಡ್ ಎಂಡ್, ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಅಡ್ಡಸರಳಿನ ಲಿಂಕ್ ರಾಡ್ ಇರುತ್ತವೆ. ಮಿಸ್ತ್ರಿ ಈ ಹೆಸರುಗಳನ್ನು ಹೇಳಿದಾಗ ನಮಗೆ ಇಷ್ಟು ತಿಳಿದಿದ್ದರೆ ಸಾಕು.

ಮನೆಯಲ್ಲಿಯೇ ಗುರುತಿಸುವ ಬಗೆ

ವೈದ್ಯರ ಬಳಿ ಹೋದಾಗ "ಎಲ್ಲಿ ನೋವು, ಯಾವಾಗ ನೋವು" ಎಂದು ಹೇಳಬಲ್ಲ ರೋಗಿಗೆ ಚಿಕಿತ್ಸೆ ಸುಲಭ. ವಾಹನಕ್ಕೂ ಇದೇ ಮಾತು.

1. ಸಣ್ಣ ತಗ್ಗುಗಳಲ್ಲಿ ನಿಧಾನವಾಗಿ ಹೋಗುವಾಗ 'ಟಕ್ ಟಕ್' ಎಂದರೆ ಲಿಂಕ್ ರಾಡ್, ಕೆಳತೋಳಿನ ಬುಷ್ ಅಥವಾ ಬಾಲ್ ಜಾಯಿಂಟ್ ಸವೆದಿರಬಹುದು.

2. ಬ್ರೇಕು ಒತ್ತಿದಾಗ ಒಮ್ಮೆ 'ಧಡ್' ಎಂದರೆ ಕೆಳತೋಳಿನ ಬುಷ್ ಮೇಲೆ ಅನುಮಾನ.

3. ನಿಂತ ಕಾರಿನಲ್ಲಿ ಸ್ಟಿಯರಿಂಗ್ ತಿರುಗಿಸಿದಾಗ 'ಕಿರ್' ಎಂದರೆ ಅಥವಾ ಸ್ಪ್ರಿಂಗು ಎಗರಿದಂತಾದರೆ ಸ್ಟ್ರಟ್ಟಿನ ತಲೆಯ ಬೇರಿಂಗು.

4. ವೇಗ ಹೆಚ್ಚಿದಂತೆ 'ಗುಂಯ್' ಎಂಬ ನಾದವೂ ಹೆಚ್ಚಿದರೆ ಗಾಲಿಯ ಬೇರಿಂಗು. ಇದು ಶಾಕಿನ ದೋಷವಲ್ಲ.

5. ಪೂರ್ತಿ ತಿರುವಿನಲ್ಲಿ 'ಕಟಕಟ' ಎಂದರೆ ಆಕ್ಸಲಿನ ಜಾಯಿಂಟ್. ಇದೂ ಶಾಕಿನ ದೋಷವಲ್ಲ.

6. ಟೈರಿನ ಒಂದೇ ಅಂಚು ಸವೆದಿದ್ದರೆ ಗಾಲಿಯ ಅಲೈನ್‌ಮೆಂಟ್ ತಪ್ಪಿದೆ, ಅಥವಾ ಅದನ್ನು ತಪ್ಪಿಸುವ ಕೀಲೊಂದು ಸಡಿಲಾಗಿದೆ. ಟೈರಿನ ಮೈ ಅಲ್ಲಲ್ಲಿ ಗುಳಿಬಿದ್ದಂತೆ ಸವೆದಿದ್ದರೆ ಶಾಕ್ ಸೋತಿರಬಹುದು, ಇಲ್ಲವೇ ಗಾಲಿಯ ಬ್ಯಾಲೆನ್ಸು ತಪ್ಪಿರಬಹುದು.

ಕಾರಿನ ಒಂದು ಮೂಲೆಯನ್ನು ಬಲವಾಗಿ ಒತ್ತಿ ಬಿಟ್ಟು ನೋಡುವ ಪರೀಕ್ಷೆಯೂ ಉಂಟು. ಒಮ್ಮೆ ಎದ್ದು ನಿಂತರೆ ಶಾಕ್ ಸರಿಯಿದೆ. ಮತ್ತೆ ಮತ್ತೆ ತೂಗಾಡಿದರೆ ಸೋತಿದೆ. ಆದರೆ ಈ ಪರೀಕ್ಷೆಯಲ್ಲಿ ಪಾರಾದ ಮಾತ್ರಕ್ಕೆ ಎಲ್ಲವೂ ಕ್ಷೇಮವೆನ್ನಲಾಗದು. ಶಾಕಿನ ಮೈಮೇಲೆ ಎಣ್ಣೆ ಒಸರಿ ಧೂಳು ಮೆತ್ತಿಕೊಂಡಿದೆಯೇ ಎಂಬುದನ್ನೂ ಬಗ್ಗಿ ನೋಡಬೇಕು. ಒಂದು ಎಚ್ಚರಿಕೆ: ಬರಿಯ ಜಾಕಿನ ಮೇಲೆ ನಿಂತ ಕಾರಿನ ಅಡಿಗೆ ಯಾವ ಕಾರಣಕ್ಕೂ ಹೋಗಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಹಾಗೆಯೇ ಸ್ಟ್ರಟ್ಟಿನ ಸ್ಪ್ರಿಂಗನ್ನು ಅದಕ್ಕೆಂದೇ ಇರುವ ಸಾಧನದಿಂದ ಅದುಮಿ ಹಿಡಿಯದೆ ಬಿಚ್ಚಿದರೆ ಅದು ಸಿಡಿದು ಪ್ರಾಣಕ್ಕೇ ಎರವಾಗಬಹುದು. ಈ ಕೆಲಸ ಮನೆಯಂಗಳದ್ದಲ್ಲ.

ನಾನು ತಟ್ಟಿದ ಮೂರು ಬಾಗಿಲು

ಈ ತಿಳಿವಳಿಕೆ ನನಗೆ ಮೊದಲೇ ಇರಲಿಲ್ಲ. ಆದ್ದರಿಂದ ಮೊದಲು ತಟ್ಟಿದ್ದು ಅಗ್ಗದ ಬಾಗಿಲನ್ನು. ಹೆದ್ದಾರಿಯ ಬದಿಯ ಒಂದು ಗ್ಯಾರೇಜಿನಲ್ಲಿ ಅರ್ಧ ತಾಸಿನಲ್ಲಿ ಕೆಲಸ ಮುಗಿಯಿತು. "ಬುಷ್ ಹಾಕೇವ್ರೀ" ಎಂದರು. 2,200 ರೂಪಾಯಿ ಕೊಟ್ಟೆ. ರಸೀದಿ ಕೇಳಲಿಲ್ಲ, ಹಳೆಯ ಬುಷ್ ಕೇಳಲಿಲ್ಲ, ಹೊಸದರ ಡಬ್ಬಿಯನ್ನೂ ನೋಡಲಿಲ್ಲ. ಮೂರು ತಿಂಗಳಾಗುವಷ್ಟರಲ್ಲಿ ರಬ್ಬರು ಹರಿದು ಶಬ್ದ ಮರಳಿ ಬಂದಿತು. ಹೋಗಿ ಕೇಳಿದರೆ, ನಾವು ಹಾಕಿದ್ದೇ ಅಲ್ಲ ಎಂಬ ಉತ್ತರ. ರಸೀದಿಯಿಲ್ಲದ ನಾನು ಯಾವ ಬಾಯಿಯಿಂದ ವಾದಿಸಲಿ? ಅಗ್ಗವೆಂದು ಮುಗ್ಗಿದ ಜೋಳ ಕೊಂಡವನ ಗತಿ ನನ್ನದಾಯಿತು.

ಎರಡನೆಯ ಸಲ ದುಬಾರಿಯ ಬಾಗಿಲು ತಟ್ಟಿದೆ. ನಗರದ ದೊಡ್ಡದೊಂದು ವರ್ಕ್‌ಶಾಪು. ತಂಪು ಕೋಣೆ, ಕುಡಿಯಲು ಚಹಾ, ಗಣಕಯಂತ್ರದಿಂದ ಬಂದ ಅಚ್ಚುಕಟ್ಟಾದ ಅಂದಾಜು ಪಟ್ಟಿ. ಕಾರನ್ನು ಯಾರೂ ರಸ್ತೆಯಲ್ಲಿ ಓಡಿಸಿ ನೋಡಿರಲಿಲ್ಲ. ಆದರೂ ನಾಲ್ಕೂ ಶಾಕ್, ಎರಡು ಮೌಂಟ್, ಸ್ಟಿಯರಿಂಗ್ ರ‍್ಯಾಕ್ ಎಲ್ಲ ಸೇರಿ 31,500 ರೂಪಾಯಿ ಎಂದು ಬರೆದು ಕೊಟ್ಟರು. ಆಗ ಜೂನ್ ತಿಂಗಳು. ಮುಂಗಾರು ಬಿತ್ತನೆಗೆ ಹತ್ತಿಬೀಜ, ಗೊಬ್ಬರಕ್ಕೆಂದು ತೆಗೆದಿಟ್ಟಿದ್ದ ಹಣ ಹೆಚ್ಚುಕಡಿಮೆ ಅಷ್ಟೇ ಇತ್ತು. ಹೊಲಕ್ಕೆ ಹಾಕಬೇಕೋ, ಅವ್ವನಿಗಾಗಿ ಕಾರಿಗೆ ಹಾಕಬೇಕೋ ಎಂಬ ಇಕ್ಕಟ್ಟಿನಲ್ಲಿ ರಾತ್ರಿಯೆಲ್ಲ ನಿದ್ರೆ ಬರಲಿಲ್ಲ. ನನ್ನ ಮನೆಯಾಕೆಯೇ ಬೆಳಗ್ಗೆ ಒಂದು ಮಾತು ಹೇಳಿದಳು: "ಒಬ್ಬ ಡಾಕ್ಟರು ಆಪರೇಷನ್ ಅಂದ ಕೂಡಲೇ ನಾವು ಒಪ್ಪಲಿಲ್ಲಲ್ರೀ, ಇನ್ನೊಬ್ಬರಿಗೆ ತೋರಿಸಿದಿವಿ. ಇದಕ್ಕೂ ಹಂಗ ಮಾಡ್ರಿ."

ಮೂರನೆಯ ಬಾಗಿಲನ್ನು ತೋರಿಸಿದವರು ನಮ್ಮ ಊರಿನಿಂದ ನಗರಕ್ಕೆ ದಿನವೂ ಬಾಡಿಗೆಗೆ ಗಾಡಿ ಹೊಡೆಯುವ ಚಾಲಕರು. ಗಾಡಿ ಒಂದು ದಿನ ನಿಂತರೆ ಅವರ ಮನೆಯ ಒಲೆ ಹತ್ತುವುದಿಲ್ಲ. ಆದ್ದರಿಂದ ಯಾವ ಮಿಸ್ತ್ರಿ ಒಳ್ಳೆಯವನೆಂಬ ಅವರ ಮಾತಿಗೆ ಬೇರೆಯವರ ಮಾತಿಗಿಂತ ತೂಕ ಹೆಚ್ಚು. ಅವರು ಹೇಳಿದ ವೃದ್ಧ ಮಿಸ್ತ್ರಿಯ ಶೆಡ್ಡು ತಗಡಿನದು. ಇಬ್ಬರು ಹುಡುಗರು ಕೈಕೆಳಗೆ ಕೆಲಸ ಕಲಿಯುತ್ತಿದ್ದರು. ಹುಡುಗರು ಅವರನ್ನು ಉಸ್ತಾದ್ ಎನ್ನುತ್ತಿದ್ದರು. ನಾನು ದೊಡ್ಡ ಪಟ್ಟಿಯನ್ನು ಮುಂದೆ ಹಿಡಿದೆ. ಅವರು ಓದಲಿಲ್ಲ. "ಕಾಗದ ಇರಲಿ ಸಾವಕಾರ್ರ, ಮೊದಲ ಆವಾಜ್ ಕೇಳೋಣು. ನೋಡದs ಬಿಚ್ಚಿದರ ನಿಮಗ ಲುಕ್ಸಾನ, ನನಗ ಕೆಟ್ಟ ಹೆಸರು" ಎಂದು ಕಾರಿನಲ್ಲಿ ಕುಳಿತರು. ತಗ್ಗಿನ ಮೇಲೆ ನಿಧಾನವಾಗಿ ಹೊಡೆಯಲು ಹೇಳಿದರು. ಬ್ರೇಕು ಹಾಕಿಸಿದರು, ತಿರುವು ಹೊಡೆಸಿದರು. ಹಿಂದಿರುಗಿ ಬಂದು ಕಾರನ್ನು ಎತ್ತಿ, ಅಡಿಗೆ ಗಟ್ಟಿ ಆಸರೆ ಕೊಟ್ಟು, ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರು. ಆಮೇಲೆ ಕೆಳತೋಳಿಗೆ ಒಂದು ಸರಳು ಕೊಟ್ಟು ಮೀಟಿ ನನ್ನನ್ನು ಕರೆದು ತೋರಿಸಿದರು. ಎಡಗಾಲಿಯ ಬಾಲ್ ಜಾಯಿಂಟ್ ತನ್ನ ಬಟ್ಟಲಿನಲ್ಲಿ ಸಡಿಲವಾಗಿ ಆಡುತ್ತಿತ್ತು.

ನನ್ನ ಎದೆ ಝಲ್ಲೆಂದಿತು. ಆ ಗುಂಡು ಬಟ್ಟಲಿನಿಂದ ಕಳಚಿದರೆ ಗಾಲಿ ಹೊರಕ್ಕೆ ಮಡಚಿಕೊಂಡು ಕಾರು ಕೈ ತಪ್ಪುತ್ತದೆ. 31,500 ರೂಪಾಯಿಯ ಆ ಉದ್ದನೆಯ ಪಟ್ಟಿಯಲ್ಲಿ ಎಲ್ಲವೂ ಇತ್ತು. ಬಾಲ್ ಜಾಯಿಂಟ್ ಮಾತ್ರ ಇರಲಿಲ್ಲ. ಅಷ್ಟೂ ಹಣ ಸುರಿದಿದ್ದರೂ ಅವ್ವನನ್ನು ಕೂರಿಸಿಕೊಂಡು ನಾನು ಅದೇ ಅಪಾಯದ ಮೇಲೆಯೇ ಹೋಗುತ್ತಿದ್ದೆ.

ಉಸ್ತಾದರು ಒಂದು ಚೀಟಿಯಲ್ಲಿ ಎರಡು ಸಾಲು ಮಾಡಿ ಬರೆದುಕೊಟ್ಟರು. ಒಂದರ ಮೇಲೆ 'ಈಗಲೇ', ಇನ್ನೊಂದರ ಮೇಲೆ 'ಮುಂದೆ'. ಬಾಲ್ ಜಾಯಿಂಟ್ ಕೂಡಿಯೇ ಬರುವ ಎರಡೂ ಕೆಳತೋಳು, ಒಂದು ಜೊತೆ ಲಿಂಕ್ ರಾಡ್ ಇವು 'ಈಗಲೇ'. ಹಿಂದಿನ ಶಾಕ್ ಸ್ವಲ್ಪ ಸೋತಿದೆ, ಇನ್ನೊಂದು ವರ್ಷ ನೋಡಬಹುದು ಎಂಬುದು 'ಮುಂದೆ'. ಮುಂದಿನ ಶಾಕಿಗೂ ಸ್ಟಿಯರಿಂಗ್ ರ‍್ಯಾಕಿಗೂ ಏನೂ ಆಗಿಲ್ಲ ಎಂದರು. ಸಾಮಾನನ್ನು ನಾನೇ ಅಂಗಡಿಯಿಂದ ರಸೀದಿಯೊಡನೆ ತರಬೇಕೆಂದರು. ಕೆಳತೋಳುಗಳಿಗೆ 4,400, ಲಿಂಕ್ ರಾಡಿಗೆ 1,300, ಅವರ ಕೂಲಿ 1,200, ಅಲೈನ್‌ಮೆಂಟಿಗೆ 500, ಹೀಗೆ ಒಟ್ಟು 7,400 ರೂಪಾಯಿಯಲ್ಲಿ ಕೆಲಸ ಮುಗಿಯಿತು. ಬೀಜದ ಹಣ ಬಹುಪಾಲು ಉಳಿಯಿತು.

ಕೆಲಸ ಮಾಡುವಾಗ ನಾನೊಂದನ್ನು ಗಮನಿಸಿದೆ. ಕೆಳತೋಳಿನ ಬೋಲ್ಟುಗಳನ್ನು ಕಾರು ಮೇಲಿದ್ದಾಗ ಅವರು ಪೂರ್ತಿ ಬಿಗಿಯಲಿಲ್ಲ. ಕಾರನ್ನು ಇಳಿಸಿ, ಗಾಲಿಯ ಮೇಲೆ ಭಾರ ಬಿದ್ದ ನಂತರವೇ ಬಿಗಿದರು. ಕೇಳಿದಾಗ ಕಾರಣ ಹೇಳಿದರು. ಗಾಲಿ ಜೋತುಬಿದ್ದಾಗ ಬಿಗಿದರೆ ಬುಷ್ ಆ ಸ್ಥಿತಿಯಲ್ಲಿಯೇ ಕಚ್ಚಿಕೊಳ್ಳುತ್ತದೆ. ಕಾರು ಇಳಿದೊಡನೆ ರಬ್ಬರು ತಿರುಚಿಕೊಂಡು ಸದಾ ಸೆಳೆತದಲ್ಲಿರುತ್ತದೆ, ಬೇಗ ಹರಿಯುತ್ತದೆ. ಮೊದಲ ಗ್ಯಾರೇಜಿನ ಬುಷ್ ಮೂರೇ ತಿಂಗಳಲ್ಲಿ ಹರಿದುದಕ್ಕೆ ಕಳಪೆ ಮಾಲಿನ ಜೊತೆಗೆ ಈ ಅವಸರವೂ ಕಾರಣವಾಗಿರಬಹುದೆಂದು ನನಗೆ ಆಗ ಹೊಳೆಯಿತು.

ಮಿಸ್ತ್ರಿಯನ್ನು ಅಳೆಯುವ ಬಗೆ

ಈ ಅನುಭವದಿಂದ ನಾನು ಕಟ್ಟಿಕೊಂಡ ಕೆಲವು ಅಳತೆಗೋಲುಗಳಿವು:

● ಬಿಚ್ಚುವ ಮೊದಲು ಓಡಿಸಿ ನೋಡುತ್ತಾನೆಯೇ? ಶಬ್ದ ಕೇಳದೆ ಭಾಗದ ಹೆಸರು ಹೇಳುವವನಿಂದ ದೂರವಿರುವುದು ಲೇಸು.

● ದೋಷವನ್ನು ಕಣ್ಣಿಗೆ ತೋರಿಸುತ್ತಾನೆಯೇ? ಸವೆದ ಕೀಲು ಅಲುಗುವುದನ್ನು ಯಾರು ಬೇಕಾದರೂ ನೋಡಬಹುದು. ತೋರಿಸಲು ಹಿಂಜರಿಯುವವನಲ್ಲಿ ಏನೋ ಕೊರತೆಯಿದೆ.

● ಅವಸರದ ಕೆಲಸ, ಕಾಯಬಹುದಾದ ಕೆಲಸ ಎಂದು ವಿಂಗಡಿಸುತ್ತಾನೆಯೇ?

● ಕೆಲಸಕ್ಕೆ ಮುನ್ನ ಖರ್ಚನ್ನು ಬರೆದು ಕೊಡುತ್ತಾನೆಯೇ? ನಡುವೆ ಹೆಚ್ಚಿನ ದೋಷ ಕಂಡರೆ ಕೇಳಿಯೇ ಮುಂದುವರಿಯುತ್ತಾನೆಯೇ?

● ಹಳೆಯ ಭಾಗಗಳನ್ನು ಕೇಳದೆಯೇ ಮರಳಿಸುತ್ತಾನೆಯೇ?

● ಕೆಳತೋಳು, ಟೈರಾಡ್, ಸ್ಟ್ರಟ್ ಬಿಚ್ಚಿದ ಮೇಲೆ ಅಲೈನ್‌ಮೆಂಟ್ ಮಾಡಿಸಲು ಹೇಳುತ್ತಾನೆಯೇ? ಹೇಳದಿದ್ದರೆ ಹೊಸ ಟೈರು ಕೆಲವೇ ತಿಂಗಳಲ್ಲಿ ಹಾಳಾಗುತ್ತದೆ.

● "ನನ್ನಿಂದ ಆಗದು, ಇಂಥವರ ಬಳಿ ಹೋಗಿ" ಎನ್ನುವ ಧೈರ್ಯ ಇದೆಯೇ? ತನ್ನ ಮಿತಿಯನ್ನು ಬಲ್ಲವನು ನಂಬಿಕೆಗೆ ಅರ್ಹ.

ಹೊಸ ಮಿಸ್ತ್ರಿಯ ಕೈಗೆ ಮೊದಲೇ ದೊಡ್ಡ ಕೆಲಸ ಕೊಡಬೇಡಿ. ಎಣ್ಣೆ ಬದಲಿಸುವ, ಬ್ರೇಕಿನ ಪ್ಯಾಡು ನೋಡಿಸುವ ಸಣ್ಣ ಕೆಲಸ ಕೊಟ್ಟು ನೋಡಿ. ವಿಚಾರಿಸುವಾಗ ಬಾಡಿಗೆ ಗಾಡಿಯ ಚಾಲಕರನ್ನು, ಶಾಲಾ ವಾಹನ ಓಡಿಸುವವರನ್ನು, ಬಿಡಿಭಾಗಗಳ ಅಂಗಡಿಯ ಹಳಬರನ್ನು ಕೇಳಿ. ಒಂದೇ ಹೆಸರು ಮೂರು ಕಡೆಯಿಂದ ಬಂದರೆ ಆ ಬಾಗಿಲನ್ನು ತಟ್ಟಬಹುದು.

ಉಳಿಸಬೇಕಾದುದೆಲ್ಲಿ, ಉಳಿಸಬಾರದುದೆಲ್ಲಿ

ಮಿತವ್ಯಯ ಗೃಹಸ್ಥನ ಭೂಷಣ. ಆದರೆ ಜೀವದ ವಿಷಯದಲ್ಲಿ ಜಿಪುಣತನ ಸಲ್ಲದು. ಬಾಲ್ ಜಾಯಿಂಟ್, ಟೈರಾಡ್ ಎಂಡ್, ಗಾಲಿಯ ಬೇರಿಂಗು ಇವುಗಳಲ್ಲಿ ಹೆಸರಿಲ್ಲದ ಮಾಲನ್ನು ಹಾಕಿಸಲೇಬಾರದು. ಕಾರಿನ ಕಂಪನಿಯ ಮುದ್ರೆಯುಳ್ಳದ್ದೇ ಬೇಕೆಂದೂ ಇಲ್ಲ. ಕಾರಿನ ಕಂಪನಿಗಳಿಗೇ ಬಿಡಿಭಾಗ ಒದಗಿಸುವ ತಯಾರಕರು ಅವನ್ನು ತಮ್ಮ ಹೆಸರಿನಲ್ಲಿಯೂ ಮಾರುತ್ತಾರೆ. 1961ರಲ್ಲಿ ಸ್ಥಾಪನೆಯಾದ ಗೇಬ್ರಿಯಲ್ ಇಂಡಿಯಾ ಶಾಕ್ ತಯಾರಿಕೆಯಲ್ಲಿ ಅಂಥದೊಂದು ಹೆಸರು. ಇಂಥ ಮಾಲು ಹಲವು ಸಲ ಕಡಿಮೆ ಬೆಲೆಗೆ ಸಿಗುವುದುಂಟು. ಆದರೆ ನಕಲಿಯ ಕಾಟವೂ ಇದೆ. ಡಬ್ಬಿಯ ಮೇಲೆ ಗರಿಷ್ಠ ಬೆಲೆ, ತಯಾರಿಕೆಯ ತಿಂಗಳು, ಭಾಗದ ಸಂಖ್ಯೆ ಸ್ಪಷ್ಟವಾಗಿರಬೇಕು. ಅಂಗಡಿಯ ರಸೀದಿಯಲ್ಲಿಯೂ ಅದೇ ಬರಬೇಕು. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದಿರುವುದರಿಂದ, ರಸೀದಿಯಿಲ್ಲದೆ ಕೊಳ್ಳುವ ಆಸೆಗೆ ಈಗ ಮೊದಲಿನಷ್ಟು ಕಾರಣವೂ ಉಳಿದಿಲ್ಲ.

ಶಾಕ್ ಬದಲಿಸುವುದಾದರೆ ಮುಂದಿನ ಎರಡನ್ನೂ ಅಥವಾ ಹಿಂದಿನ ಎರಡನ್ನೂ ಜೊತೆಯಾಗಿಯೇ ಬದಲಿಸಬೇಕು. ಒಂದು ಹೊಸದು, ಒಂದು ಹಳೆಯದಾದರೆ ಬ್ರೇಕು ಹಾಕಿದಾಗ, ತಿರುವಿನಲ್ಲಿ ಕಾರಿನ ಎರಡು ಬದಿಗಳೂ ಸಮನಾಗಿ ವರ್ತಿಸುವುದಿಲ್ಲ. ಆದರೆ ಮುಂದಿನವು ಸೋತವೆಂದು ಹಿಂದಿನವನ್ನೂ ಬದಲಿಸಬೇಕೆಂಬ ನಿಯಮವಿಲ್ಲ. ಅಲ್ಲಿ ಹಣ ಉಳಿಸಬಹುದು. ಕಾರಿನ ವಾರಂಟಿ ಇನ್ನೂ ಮುಗಿದಿಲ್ಲವಾದರೆ ಮೊದಲು ಕಂಪನಿಯ ಸೇವಾಕೇಂದ್ರಕ್ಕೇ ಹೋಗುವುದು ಸರಿ.

ಅತಿ ದೊಡ್ಡ ಉಳಿತಾಯ ನಮ್ಮ ಕೈಯಲ್ಲಿಯೇ ಇದೆ. ಚಾಲಕನ ಬಾಗಿಲಿನ ಬಳಿಯ ಚೀಟಿಯಲ್ಲಿ ಸಾಮಾನ್ಯವಾಗಿ ಬರೆದಿರುವ ಪ್ರಮಾಣದಷ್ಟೇ ಗಾಳಿ ಹಿಡಿಸುವುದು, ತಗ್ಗು ಕಂಡಾಗ ಅದರೊಳಗೆ ಬ್ರೇಕು ಒತ್ತದೆ ಅದಕ್ಕೂ ಮೊದಲೇ ವೇಗ ತಗ್ಗಿಸುವುದು, ಐವರ ಕಾರಿನಲ್ಲಿ ಎಂಟು ಜನರನ್ನೂ ಜಾತ್ರೆಯ ಸಾಮಾನನ್ನೂ ತುಂಬದಿರುವುದು. ಇಷ್ಟು ಮಾಡಿದರೆ ಕೀಲುಗಳ ಆಯುಷ್ಯ ತಾನಾಗಿ ಬೆಳೆಯುತ್ತದೆ.

ರಸೀದಿಯ ಬಲ, ಕಾನೂನಿನ ಆಸರೆ

ಮೋಸಹೋದಾಗ ಹಣೆಬರಹವೆಂದು ಸುಮ್ಮನಾಗುವವರೇ ನಮ್ಮಲ್ಲಿ ಹೆಚ್ಚು. ಹಣ ಕೊಟ್ಟು ಪಡೆದ ರಿಪೇರಿ ಕೆಲಸವೂ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಒಂದು ಸೇವೆಯೇ. 2020ರ ಜುಲೈ 20ರಿಂದ ಜಾರಿಯಲ್ಲಿರುವ 2019ರ ಕಾಯ್ದೆಯಂತೆ ಸೇವೆಯಲ್ಲಿ ನ್ಯೂನತೆಯಾದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಗೆ ಮೀರದಿದ್ದರೆ ಶುಲ್ಕವೂ ಇಲ್ಲ. ಅದಕ್ಕೂ ಮೊದಲು 1915 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಿ ಸಲಹೆ ಪಡೆಯಬಹುದು. ಆದರೆ ಅಂದಾಜು ಚೀಟಿ, ರಸೀದಿ, ಹಳೆಯ ಭಾಗ ಇವೇ ಸಾಕ್ಷಿಗಳು. ಇವಿಲ್ಲದೆ ಕಾನೂನೂ ಕೈಕಟ್ಟಿ ಕೂರುತ್ತದೆ.

ಸಣ್ಣ ಮಿಸ್ತ್ರಿಗಳ ಕಷ್ಟವನ್ನೂ ಇಲ್ಲಿ ನೆನೆಯಬೇಕು. ಅಸಲಿ ಬಿಡಿಭಾಗಗಳೂ ಪರೀಕ್ಷಾ ಸಾಧನಗಳೂ ಹೊರಗಿನ ಗ್ಯಾರೇಜುಗಳಿಗೆ ಮುಕ್ತವಾಗಿ ಸಿಗದಂತೆ ಮಾಡಿದ ಕಾರಣಕ್ಕೆ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಆ ಆದೇಶದ ವಿರುದ್ಧ ಮೇಲ್ಮನವಿಗಳು ಹೋದವು. ಆದರೆ ಹೊರಗಿನ ಮಿಸ್ತ್ರಿಗೂ ಗ್ರಾಹಕನಿಗೂ ಹಕ್ಕುಂಟೆಂಬ ಮಾತು ಅಲ್ಲಿ ಗಟ್ಟಿಯಾಗಿ ಕೇಳಿಬಂತು. ರಿಪೇರಿಯ ಹಕ್ಕಿಗಾಗಿ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ತೆರೆದ ಜಾಲತಾಣದಲ್ಲಿಯೂ ವಾಹನಗಳು ಸೇರಿವೆ.

ಕಾಯಕದ ಮಾತು

ಕೆಲಸ ಮುಗಿದ ದಿನ ನಾನು ಸಂತೋಷದಿಂದ ಉಸ್ತಾದರ ಕೈಗೆ 500 ರೂಪಾಯಿ ಹೆಚ್ಚಿಗೆ ಇಟ್ಟೆ. ಅವರು ಎಣಿಸಿ ಅದನ್ನು ಮರಳಿಸಿದರು. "ಇದು ನನ್ನ ಕೂಲಿ ಅಲ್ರೀ. ಐನೂರು ಕಿಲೋಮೀಟರ್ ಓಡಿಸಿ ಬರ‍್ರಿ, ಬೋಲ್ಟ್ ಇನ್ನೊಮ್ಮೆ ನೋಡ್ತೀನಿ. ಅದಕ್ಕೂ ಏನೂ ಕೊಡೋದು ಬ್ಯಾಡ" ಎಂದರು. ನನಗೆ ನಮ್ಮದೇ ಜಿಲ್ಲೆಯ ಶರಣ ದಂಪತಿಗಳ ನೆನಪಾಯಿತು. ಲಿಂಗಸೂಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದು ನಮಗೆ ಸಲ್ಲದು, ಸುರಿದು ಬನ್ನಿ ಎಂದು ಲಕ್ಕಮ್ಮನವರು ಹಿಂದಿರುಗಿಸಿದರಷ್ಟೆ. ಆ ಕಥೆಯನ್ನು ನಾವು ವೇದಿಕೆಗಳ ಮೇಲೆ ಎಷ್ಟೋ ಸಲ ಕೇಳಿದ್ದೇವೆ. ನಾನು ಅದನ್ನು ಕಣ್ಣಾರೆ ಕಂಡದ್ದು ಎಣ್ಣೆಮಸಿ ಬಳಿದ ಒಂದು ತಗಡಿನ ಶೆಡ್ಡಿನಲ್ಲಿ. ಕಾಯಕಕ್ಕೆ ಜಾತಿಯೂ ಇಲ್ಲ, ಮತವೂ ಇಲ್ಲ ಎಂಬ ಮಾತಿನ ತಿರುಳು ನನಗೆ ಅಲ್ಲಿ ತಿಳಿಯಿತು.

ಆದರೆ ಪ್ರಾಮಾಣಿಕತೆಯನ್ನು ಮಿಸ್ತ್ರಿಯಿಂದ ಮಾತ್ರ ಬಯಸುವುದು ನ್ಯಾಯವಲ್ಲ. ನ್ಯಾಯವಾದ ಕೂಲಿಗೆ ಚೌಕಾಶಿ ಮಾಡದಿರುವುದು, ಸಾಲ ಹೇಳದೆ ಕೆಲಸ ಮುಗಿದೊಡನೆ ಹಣ ಕೊಡುವುದು, ಒಳ್ಳೆಯ ಕೆಲಸಗಾರನ ಹೆಸರನ್ನು ನಾಲ್ಕು ಜನಕ್ಕೆ ಹೇಳುವುದು ನಮ್ಮ ಪಾಲಿನ ಕರ್ತವ್ಯ. ಒಳ್ಳೆಯವನಿಗೆ ಕೆಲಸ ಸಿಗದೆ ಅವನ ಬಾಗಿಲು ಮುಚ್ಚಿದರೆ ನಾಳೆ ನಮಗೇ ಬಾಗಿಲಿಲ್ಲ. ಉಸ್ತಾದರ ಬಳಿ ಕಲಿಯುವ ಹುಡುಗರಂಥ ತರುಣರು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಐ.ಟಿ.ಐ.ನಲ್ಲಿ ಮೋಟಾರು ಮೆಕ್ಯಾನಿಕ್ ವಿದ್ಯೆ ಕಲಿಯುವುದು ಕಡಿಮೆಯೆಂದು ಭಾವಿಸುವ ತಂದೆತಾಯಿಗಳು ಈ ವಿಷಯದಲ್ಲಿ ಇನ್ನೊಮ್ಮೆ ಆಲೋಚಿಸಲಿ.

ಮುಂದಿನ ಸಲ ಅವ್ವನನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಮಳೆ ಹನಿಯುತ್ತಿತ್ತು. ಊರ ಮುಂದಿನ ದೊಡ್ಡ ತಗ್ಗು ಬಂದಿತು. ನಾನು ವೇಗ ತಗ್ಗಿಸಿ ಕನ್ನಡಿಯಲ್ಲಿ ನೋಡಿದೆ. ಅವ್ವ ಕಣ್ಣು ಮುಚ್ಚಿರಲಿಲ್ಲ. ಕಿಟಕಿಯಾಚೆ ನಮ್ಮ ಹೊಲದ ಬಿತ್ತನೆಯನ್ನು ನೋಡುತ್ತಿದ್ದಳು. ತಗ್ಗು ದಾಟಿದ ಮೇಲೆ, "ಹತ್ತಿ ಚಲೋ ಹುಟ್ಟ್ಯಾವಲ್ಲೋ" ಎಂದಳು.